ಹಲ್ಲಿನ ಇಂಪ್ಲಾಂಟ್‌ಗೆ ಯಾಕೆ ಅಷ್ಟೊಂದು ತಿಂಗಳು ಬೇಕು, ಬ್ರಿಡ್ಜೇ ಸಾಕಲ್ವಾ?
ಇಂಪ್ಲಾಂಟ್ ಅಂದ್ರೆ ಹೋದ ಹಲ್ಲಿನ ಜಾಗದಲ್ಲಿ ದವಡೆಗೆ ಕೂರಿಸೋ ಸ್ಕ್ರೂ. ಅದನ್ನ ಕೂರಿಸೋದು ಸ್ವಲ್ಪ ಹೊತ್ತಿನ ಕೆಲಸ, ಟೈಮ್ ಹಿಡಿಯೋದು ಮೂಳೆಗೆ. ದವಡೆ ಮೂಳೆ ಆ ಟೈಟೇನಿಯಂ ಸ್ಕ್ರೂ ಸುತ್ತ ಬೆಳೆದು ಗಟ್ಟಿಯಾಗಿ ಹಿಡ್ಕೋಬೇಕು, ಅದಕ್ಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು, ಆಮೇಲೇ ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಇದು ಗೊತ್ತಾಗಿದ್ದೇ ತಮಾಷೆ, ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಅನ್ನೋರು ಮೊಲದ ಕಾಲಿಗೆ ಹಾಕಿದ್ದ ಟೈಟೇನಿಯಂ ವಾಪಸ್ ತೆಗೆಯೋಕೆ ಹೋದ್ರೆ ಅದು ಬರ್ಲೇ ಇಲ್ಲ, ಮೂಳೆಗೆ ಕಚ್ಕೊಂಡ್ಬಿಟ್ಟಿತ್ತು; ಅವರು ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. ಬ್ರಿಡ್ಜ್, ಅಂದ್ರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲೋ ಕೃತಕ ಹಲ್ಲು, ಬೇಗ ಮುಗಿಯುತ್ತೆ ನಿಜ, ಆದ್ರೆ ಅದನ್ನ ಕೂರಿಸೋಕೆ ಚೆನ್ನಾಗಿರೋ ಆ ಹಲ್ಲುಗಳನ್ನ ಅರೆದು ಸಣ್ಣ ಮಾಡ್ತಾರೆ, ನಂಗದು ಇಷ್ಟ ಇಲ್ಲ. ನಮ್ಮಪ್ಪ ನಾಲ್ಕು ತಿಂಗಳು ಚಕ್ಲೀನ ಒಂದೇ ಕಡೆ ಅಗೀತಾ ಕಾದ್ರು. ಶುಗರ್ ಕಂಟ್ರೋಲಲ್ಲಿ ಇಲ್ದಿದ್ರೆ, ಸಿಗರೇಟ್ ಸೇದ್ತಿದ್ರೆ ಮಾತ್ರ ಸ್ಕ್ರೂ ಫೇಲಾಗೋ ಚಾನ್ಸ್ ಜಾಸ್ತಿ.