ನಾಲ್ಕು ಡಿಪೋ, ಒಂದು ಸರ್ವರ್: ಲೀಸ್ಡ್ ಲೈನೋ, ಎಂಪಿಎಲ್ಎಸ್ಸೋ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮ ಕಾಫಿ ಕ್ಯೂರಿಂಗ್ ಘಟಕವಿದೆ, ಟ್ಯಾಲಿ ಸರ್ವರ್ ಇಲ್ಲೇ ಇದೆ. ಮೂಡಿಗೆರೆ, ಬೇಲೂರು, ಸಕಲೇಶಪುರದಲ್ಲಿ ಖರೀದಿ ಡಿಪೋ, ಹಾಸನದಲ್ಲಿ ಗೋದಾಮು. ಒಬ್ಬರು ಎಲ್ಲ ಕಡೆಗೂ ಲೀಸ್ಡ್ ಲೈನ್ (ನಮಗೇ ಮೀಸಲಾದ ಬಾಡಿಗೆ ಲೈನ್) ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಎಂಪಿಎಲ್ಎಸ್ (ಟೆಲಿಕಾಂ ಕಂಪನಿಯ ಜಾಲದೊಳಗೆ ನಮಗಾಗಿ ಬೇರೆ ಇಡುವ ದಾರಿ) ಎನ್ನುತ್ತಾರೆ. ಯಾವುದು ವಾಸಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಆ ದರಪಟ್ಟಿ ತೆಗೆದು, ಅದರಲ್ಲಿರುವುದು ಯಾವ ಲೀಸ್ಡ್ ಲೈನ್ ಎಂದು ನೋಡಿ. ಇಂಟರ್‌ನೆಟ್ ಲೀಸ್ಡ್ ಲೈನ್ ನಿಮ್ಮನ್ನು ಇಂಟರ್‌ನೆಟ್ಟಿಗೆ ಸೇರಿಸುತ್ತದೆ, ಅಷ್ಟೇ. ಡಿಪೋದಿಂದ ಸರ್ವರಿಗೆ ನೇರ ದಾರಿ ಬೇಕಾದರೆ ಪಾಯಿಂಟ್ ಟು ಪಾಯಿಂಟ್ ಎಂದು ಬರೆದಿರಬೇಕು. ಎರಡಕ್ಕೂ ಒಂದೇ ಹೆಸರು ಹೇಳಿ ಮಾರುವವರಿದ್ದಾರೆ.

ಪಾಯಿಂಟ್ ಟು ಪಾಯಿಂಟ್ ಲೈನಿನಲ್ಲಿ 2 ಎಂಬಿಪಿಎಸ್ ಅಂದರೆ ಹೋಗುವುದಕ್ಕೂ ಬರುವುದಕ್ಕೂ 2, ಅದೂ ನಿಮಗೊಬ್ಬರಿಗೇ. ಬಾಡಿಗೆ ದೂರ ಮತ್ತು ವೇಗ ಎರಡನ್ನೂ ಹಿಡಿದು ಏರುತ್ತದೆ. ನಿಮ್ಮ ಐದು ಜಾಗಕ್ಕೆ ಎಲ್ಲವೂ ಚಿಕ್ಕಮಗಳೂರಿಗೇ ಬಂದು ಸೇರುವುದಾದರೆ 4 ಲೈನ್ ಸಾಕು. ಪ್ರತಿ ಜಾಗವೂ ಪ್ರತಿ ಜಾಗದ ಜೊತೆ ನೇರ ಮಾತಾಡಬೇಕಾದರೆ 10 ಬೇಕು. ಎಂಪಿಎಲ್ಎಸ್‌ನಲ್ಲಿ ಜಾಗಕ್ಕೊಂದು ಪೋರ್ಟ್ (ಕಂಪನಿಯ ಜಾಲಕ್ಕೆ ಸೇರುವ ಕೊಂಡಿ), ಒಟ್ಟು 5. ಒಳಗೆ ಕಂಪನಿಯ ರೂಟರುಗಳು ಪ್ಯಾಕೆಟ್ಟಿಗೆ (ಡೇಟಾದ ತುಣುಕಿಗೆ) 4 ಬೈಟಿನ ಲೇಬಲ್ ಅಂಟಿಸಿ ದಾರಿ ತೋರಿಸುತ್ತವೆ. ನಾಳೆ ಕೊಪ್ಪದಲ್ಲಿ ಡಿಪೋ ತೆರೆದರೆ ಇನ್ನೊಂದು ಪೋರ್ಟ್ ಹಾಕಿಸಿದರಾಯಿತು. ನಿಮಗೆ ಎಂಪಿಎಲ್ಎಸ್ಸೇ ಸರಿ. ಎರಡೇ ಜಾಗವಿದ್ದಿದ್ದರೆ ಲೀಸ್ಡ್ ಲೈನ್ ಎನ್ನುತ್ತಿದ್ದೆವು.

ಈಗ ಅಳತೆ. ಡಿಪೋದಲ್ಲಿ ಐದು ಜನ ರಿಮೋಟ್ ಡೆಸ್ಕ್‌ಟಾಪಿನಲ್ಲಿ (ಸರ್ವರಿನ ಪರದೆಯನ್ನೇ ದೂರದಿಂದ ನೋಡುತ್ತಾ ಕೆಲಸ ಮಾಡುವುದು) ಕೂತರೆ ತಲಾ 200 ಕೆಬಿಪಿಎಸ್ ಹಿಡಿದು 1 ಎಂಬಿಪಿಎಸ್. ಜಿ.711 (ಧ್ವನಿಯನ್ನು ಡಿಜಿಟಲ್ ಮಾಡುವ ಒಂದು ಪದ್ಧತಿ) ಫೋನ್ ಕರೆ ಒಂದಕ್ಕೆ ಸುಮಾರು 90 ಕೆಬಿಪಿಎಸ್. ಪ್ರಿಂಟ್ ಸೇರಿಸಿದರೂ ಡಿಪೋಗೆ 2 ಸಾಕು. ತಪ್ಪಾಗುವುದು ಮುಖ್ಯ ಕಚೇರಿಯಲ್ಲಿ: ಅಲ್ಲಿಗೂ 2 ಎಂದೇ ಬರೆಸುತ್ತಾರೆ. ನಾಲ್ಕೂ ಡಿಪೋದ ಹೊರೆ ಬಂದು ಬೀಳುವುದು ಅಲ್ಲೇ, 10 ತೆಗೆದುಕೊಳ್ಳಿ. ಸಿಸಿಟಿವಿಯನ್ನು ಈ ಲೈನಿಗೆ ಹಾಕಬೇಡಿ, ಒಂದು ಎಚ್‌ಡಿ ಕ್ಯಾಮೆರಾವೇ 2 ಎಂಬಿಪಿಎಸ್ ನುಂಗೀತು. ಟ್ಯಾಲಿಯ ಡೇಟಾ ಫೋಲ್ಡರನ್ನು ಡಿಪೋದಿಂದ ನೇರ ತೆರೆಯುವುದೂ ಬೇಡ. ಫೈಲಿನ ಚೂರುಚೂರಿಗೂ ಹೋಗಿ ಬರಬೇಕಾಗಿ, ಯಾವ ಲೈನ್ ಹಾಕಿದರೂ ತೆವಳುತ್ತದೆ.

ಲೈನ್ ಬರುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಎಲ್ಲ ಡಿಪೋದಲ್ಲೂ ಸಾಮಾನ್ಯವಾಗಿ ಅಂಗಡಿಯಿಂದ ತಂದ ರೂಟರ್ ಕೊಟ್ಟ 192.168.1 ವಿಳಾಸ ಸರಣಿಯೇ ಇರುತ್ತದೆ. ಒಂದೇ ವಿಳಾಸ ಐದು ಕಡೆ ಇದ್ದರೆ ಪ್ಯಾಕೆಟ್ ಎಲ್ಲಿಗೆ ಹೋಗಬೇಕು? ಚಿಕ್ಕಮಗಳೂರಿಗೆ 10.10.1.0, ಮೂಡಿಗೆರೆಗೆ 10.10.2.0, ಹೀಗೆ ಹಂಚಿ. ಕಂಪ್ಯೂಟರುಗಳು ತಾವಾಗಿ ಹೊಸ ವಿಳಾಸ ಪಡೆಯುತ್ತವೆ. ಪ್ರಿಂಟರ್, ವೇಬ್ರಿಡ್ಜ್ ಕಂಪ್ಯೂಟರ್, ಬೆರಳಚ್ಚಿನ ಹಾಜರಿ ಯಂತ್ರಕ್ಕೆ ಕೈಯಲ್ಲೇ ಬರೆದಿರುತ್ತಾರೆ. ಅವನ್ನು ಮರೆತರೆ ಮೊದಲ ದಿನವೇ ತೂಕದ ಚೀಟಿ ಬರುವುದಿಲ್ಲ.

ಇನ್ನು ಮಳೆಗಾಲ. ಯಾವುದನ್ನು ಆರಿಸಿದರೂ ಡಿಪೋ ಬಾಗಿಲವರೆಗಿನ ಕೊನೆಯ ತುಂಡು ಒಂದೇ: ಕಂಬದ ಮೇಲಿನ ಫೈಬರ್, ಇಲ್ಲವೇ ರೇಡಿಯೋ. ಮೂಡಿಗೆರೆ ಕಡೆ ಮರ ಬಿದ್ದರೆ ಲೀಸ್ಡ್ ಲೈನೂ ಎಂಪಿಎಲ್ಎಸ್ಸೂ ಸತ್ತಂತೆಯೇ. ಬದಲಿ ದಾರಿಯಾಗಿ ಬೇರೆ ಕಂಪನಿಯ ಬ್ರಾಡ್‌ಬ್ಯಾಂಡ್ ಅಥವಾ 4ಜಿ ಮೇಲೆ ಐಪಿಸೆಕ್ ಸುರಂಗ (ಇಂಟರ್‌ನೆಟ್ಟಿನ ಮೇಲೆ ಗೂಢಲಿಪಿಯಲ್ಲಿ ಸಾಗುವ ಖಾಸಗಿ ದಾರಿ) ಇಟ್ಟುಕೊಳ್ಳಿ. ಬ್ರಾಡ್‌ಬ್ಯಾಂಡಿನ ತಂತಿ ಅದೇ ಕಂಬದಲ್ಲಿ ಬರದಂತೆ ಕಣ್ಣಾರೆ ನೋಡಿ. ಕರಾರಿನಲ್ಲಿ ಲೈನ್ 99.5% ಸಮಯ ಇರುತ್ತದೆ ಎಂದಿದ್ದರೆ ತಿಂಗಳಿಗೆ 3.6 ಗಂಟೆ ಲೈನ್ ಇಲ್ಲದಿದ್ದರೂ ಕಂಪನಿ ಮಾತು ತಪ್ಪಿದಂತಲ್ಲ. ಆ ಲೆಕ್ಕ ಕೊನೆಯ ತುಂಡಿಗೂ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ. ಫೈಬರ್ ಬಂದು ಸೇರುವ ಚಿಕ್ಕ ಮೀಡಿಯಾ ಕನ್ವರ್ಟರಿನ ಅಡಾಪ್ಟರನ್ನೂ ಯುಪಿಎಸ್ಸಿಗೇ ಚುಚ್ಚಿ. ರೂಟರಿಗೆ ಮಾತ್ರ ಯುಪಿಎಸ್ ಕೊಟ್ಟು, ಕರೆಂಟ್ ಹೋದಾಗಲೆಲ್ಲ ಕಂಪನಿಗೆ ದೂರು ಬರೆಸುವ ಕಚೇರಿಗಳು ಬೇಕಾದಷ್ಟಿವೆ.

ಪ್ರಶ್ನೆ: 10 ಎಂಬಿಪಿಎಸ್ ಲೈನ್ ಹಾಕಿಸಿದ್ದೇವೆ. ಪಿಂಗ್ (ಲೈನ್ ಪರೀಕ್ಷೆಗೆ ಕಳಿಸುವ ಪುಟ್ಟ ಪ್ಯಾಕೆಟ್) ಚೆನ್ನಾಗಿದೆ, ದೊಡ್ಡ ಫೈಲ್ ಮಾತ್ರ ಆಮೆ ನಡಿಗೆ. ಲೈನ್ ಸರಿಯಿದೆ ಎನ್ನುತ್ತಾರೆ ಕಂಪನಿಯವರು.
– ಓದುಗರು, ಹಾಸನ

ಉತ್ತರ: ರೂಟರಿನ ವ್ಯಾನ್ ಪೋರ್ಟಿನ (ಕಂಪನಿಯ ಲೈನ್ ಬಂದು ಸೇರುವ ಪೋರ್ಟ್) ದೋಷಗಳ ಎಣಿಕೆ ನೋಡಿ. ಕಂಪನಿಯವರು ತಮ್ಮ ಕಡೆ 100 ಎಂಬಿಪಿಎಸ್ ಫುಲ್ ಡ್ಯೂಪ್ಲೆಕ್ಸ್ (ಕಳಿಸುವುದೂ ಪಡೆಯುವುದೂ ಒಟ್ಟಿಗೆ) ಎಂದು ಬಿಗಿದಿದ್ದು, ನಿಮ್ಮದು ಆಟೋದಲ್ಲಿದ್ದರೆ ನಿಮ್ಮದು ಹಾಫ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿಯುತ್ತದೆ. ಲೇಟ್ ಕೊಲಿಷನ್ (ತಡವಾಗಿ ಪತ್ತೆಯಾಗುವ ಡಿಕ್ಕಿ) ಎಣಿಕೆ ಏರುತ್ತಾ ಹೋಗುತ್ತದೆ. ಪಿಂಗ್ ಚಿಕ್ಕದು, ನುಸುಳಿಕೊಳ್ಳುತ್ತದೆ. ಎರಡೂ ಕಡೆ ಆಟೋ ಅಥವಾ ಎರಡೂ ಕಡೆ ಫುಲ್ ಮಾಡಿ.

ಅದು ಸರಿಯಿದ್ದರೆ ಎರಡನೇ ಗುಮಾನಿ: ನಿಮ್ಮ ರೂಟರ್ 100ರ ವೇಗದಲ್ಲಿ ಸುರಿಯುತ್ತಿದೆ, ಕಂಪನಿ 10ಕ್ಕಿಂತ ಹೆಚ್ಚಾದದ್ದನ್ನು ಎಸೆಯುತ್ತಿದೆ. ರೂಟರಿನಲ್ಲಿ 9.5 ಎಂಬಿಪಿಎಸ್‌ಗೆ ಶೇಪಿಂಗ್ (ಹೊರಹೋಗುವ ವೇಗಕ್ಕೆ ಮಿತಿ) ಹಾಕಿ. ಆಗ ಸಾಲು ನಿಮ್ಮ ಕಡೆಯೇ ನಿಲ್ಲುತ್ತದೆ, ಯಾವುದನ್ನು ಮೊದಲು ಬಿಡಬೇಕೆಂಬುದೂ ನಿಮ್ಮ ಕೈಯಲ್ಲೇ ಇರುತ್ತದೆ.

ಪ್ರಶ್ನೆ: ಎಂಪಿಎಲ್ಎಸ್‌ನಲ್ಲಿ ಹೋಗುವ ಲೆಕ್ಕಪತ್ರ ಗೂಢಲಿಪಿಯಲ್ಲಿ ಇರುತ್ತದೆಯೇ?
– ಓದುಗರು, ಸಕಲೇಶಪುರ

ಉತ್ತರ: ಇಲ್ಲ. ಬೇರೆ ಗ್ರಾಹಕರ ದಾರಿಯಿಂದ ನಿಮ್ಮದನ್ನು ಬೇರೆ ಇಡುತ್ತದೆ, ಅಷ್ಟೇ. ಲೀಸ್ಡ್ ಲೈನಿನಲ್ಲೂ ಬರಹ ಬಿಚ್ಚಿಯೇ ಹೋಗುತ್ತದೆ. ಮುಚ್ಚಿ ಕಳಿಸಬೇಕಾದರೆ ಎರಡು ತುದಿಯ ರೂಟರುಗಳಲ್ಲೂ ನೀವೇ ಐಪಿಸೆಕ್ ಹಾಕಬೇಕು.