ಸದಸ್ಯರನ್ನೆಲ್ಲ ತೆಗೆದರೂ ಐಎಎಂ ಗ್ರೂಪ್ ಡಿಲೀಟ್ ಆಗುವುದಿಲ್ಲ, ಯಾಕೆ?

ಉಡುಪಿಯ ನಿಮ್ಮ ಲ್ಯಾಬಿನ 140 ವಿದ್ಯಾರ್ಥಿಗಳ ಐಎಎಂ (ಅಮೆಜಾನಿನ ಕ್ಲೌಡ್ ಎಡಬ್ಲ್ಯೂಎಸ್‌ನಲ್ಲಿ ಯಾರಿಗೆ ಯಾವ ಅನುಮತಿ ಎಂದು ನೋಡಿಕೊಳ್ಳುವ ಸೇವೆ) ಗ್ರೂಪನ್ನು ಸೆಮಿಸ್ಟರ್ ಮುಗಿದ ಮೇಲೆ ಬೋಟೋ3ಯಿಂದ (ಎಡಬ್ಲ್ಯೂಎಸ್‌ಗೆ ಪೈಥಾನ್‌ನಲ್ಲಿ ಆದೇಶ ಕೊಡುವ ಲೈಬ್ರರಿ) ಅಳಿಸಹೊರಟರೆ ಡಿಲೀಟ್ ಕಾನ್‌ಫ್ಲಿಕ್ಟ್ ಎಂಬ ಎರರ್ ಬರುತ್ತದೆ, ಸದಸ್ಯರನ್ನೆಲ್ಲ ತೆಗೆದಾಗಿದೆ ಅಂದಿದ್ದೀರಿ. ಮಂಗಳೂರಿನ ನಮ್ಮ ತರಬೇತಿ ಕೇಂದ್ರದ ಸ್ಕ್ರಿಪ್ಟೂ ನಿಂತದ್ದು ಇಲ್ಲಿಯೇ. ನೀವು ಎಲ್ಲರನ್ನೂ ತೆಗೆದಿಲ್ಲ ಮಾರಾಯ್ರೇ, ಸುಮಾರು 40 ಮಂದಿ ಇನ್ನೂ ಗ್ರೂಪಿನೊಳಗೇ ಇದ್ದಾರೆ.

ಸದಸ್ಯರ ಪಟ್ಟಿ ಕೊಡುವ ಗೆಟ್_ಗ್ರೂಪನ್ನು ಎಷ್ಟು ಬೇಕೆಂದು ಹೇಳದೆ ಕರೆದರೆ ಒಂದು ಸಲಕ್ಕೆ ಬರುವುದು ಹೆಚ್ಚೆಂದರೆ 100 ಹೆಸರು. ಉಳಿದವು ಇವೆ ಎಂದು ಎಕ್ಸೆಪ್ಶನ್ ಏನೂ ಬರುವುದಿಲ್ಲ. ಉತ್ತರದೊಳಗೆ ಇಸ್‌ಟ್ರಂಕೇಟೆಡ್ ಎಂಬಲ್ಲಿ ಟ್ರೂ ಅಂತ ಇರುತ್ತದೆ, ಅಷ್ಟೇ. ನಿಮ್ಮ ಲೂಪ್ ಅದನ್ನು ನೋಡುವುದೇ ಇಲ್ಲ. ಮ್ಯಾಕ್ಸ್‌ಐಟಮ್ಸ್ 1000 ಕೊಟ್ಟರೆ (ಒಂದು ಸಲಕ್ಕೆ 1000 ಹೆಸರು ಕೇಳಿದರೆ) ಸಾಕು ಎಂದು ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ: ಹೆಸರುಗಳು ಬಾಕಿ ಇದ್ದರೂ ಐಎಎಂ ಕೇಳಿದ್ದಕ್ಕಿಂತ ಕಡಿಮೆ ಕೊಡಬಹುದು. ಗೆಟ್_ಪ್ಯಾಜಿನೇಟರ್‌ಗೆ 'ಗೆಟ್_ಗ್ರೂಪ್' ಎಂದು ಕೊಟ್ಟರೆ ಅದು ಉಳಿದ ಹೆಸರುಗಳನ್ನೂ ಪುಟಪುಟವಾಗಿ ತರುತ್ತದೆ; ಪ್ರತಿ ಪುಟದ ಯೂಸರ್ಸ್ ಅನ್ನು ಮೊದಲು ಒಂದು ಲಿಸ್ಟಿಗೆ ಸೇರಿಸಿಕೊಳ್ಳಿ. ಲಿಸ್ಟ್ ಪೂರ್ತಿಯಾದ ಮೇಲೆ ರಿಮೂವ್_ಯೂಸರ್_ಫ್ರಮ್_ಗ್ರೂಪ್ ಓಡಿಸಿ. ಪುಟ ತಿರುವುತ್ತಾ ತೆಗೆಯುತ್ತಾ ಹೋಗಬೇಡಿ.

ಸದಸ್ಯರು ಹೋದರೂ ಪಾಲಿಸಿಗಳು (ಅನುಮತಿಯ ನಿಯಮಗಳು) ಉಳಿದಿದ್ದರೆ ಅದೇ ಎರರ್ ಮತ್ತೆ ಬರುತ್ತದೆ. ಮ್ಯಾನೇಜ್ಡ್ ಪಾಲಿಸಿಗೆ (ಬೇರೆಯಾಗಿದ್ದು ಗ್ರೂಪಿಗೆ ಅಂಟಿಸಿದ್ದು) ಡಿಟ್ಯಾಚ್_ಗ್ರೂಪ್_ಪಾಲಿಸಿ, ಇನ್‌ಲೈನ್ ಪಾಲಿಸಿಗೆ (ಗ್ರೂಪಿನೊಳಗೇ ಬರೆದದ್ದು) ಡಿಲೀಟ್_ಗ್ರೂಪ್_ಪಾಲಿಸಿ, ಕೊನೆಗೆ ಡಿಲೀಟ್_ಗ್ರೂಪ್. ಕನ್ಸೋಲಿನಲ್ಲಿ, ಅಂದರೆ ಎಡಬ್ಲ್ಯೂಎಸ್‌ನ ವೆಬ್ ಪುಟದಲ್ಲಿ, ಒಂದೇ ಕ್ಲಿಕ್ಕಿಗೆ ಹೋಗುತ್ತದಲ್ಲ ಅಂತೀರಾ? ಅಲ್ಲಿ ಈ ಕೆಲಸಗಳನ್ನೆಲ್ಲ ಕನ್ಸೋಲೇ ಮಾಡಿಕೊಡುತ್ತದೆ, ಸ್ಕ್ರಿಪ್ಟ್ ಕರೆಯುವ ಎಪಿಐ ಮಾಡುವುದಿಲ್ಲ.

ಆದರೆ ಸೆಮಿಸ್ಟರಿಗೊಮ್ಮೆ ಗ್ರೂಪ್ ಅಳಿಸಿ ಮತ್ತೆ ಕಟ್ಟುವ ಯೋಚನೆಯೇ ನನಗೆ ಸರಿ ಕಾಣುವುದಿಲ್ಲ. ಗ್ರೂಪ್ ಅಂದರೆ ಒಂದು ಕೆಲಸಕ್ಕೆ ಬೇಕಾದ ಅನುಮತಿಗಳ ಕಟ್ಟು. ವಿದ್ಯಾರ್ಥಿಗಳು ಬದಲಾದರೂ ಲ್ಯಾಬಿನ ಕೆಲಸ ಬದಲಾಗುವುದಿಲ್ಲ. ಹೆಸರಿನಲ್ಲಿ ವರ್ಷ ಹಾಕದೆ 'ಲ್ಯಾಬ್-ವಿದ್ಯಾರ್ಥಿ' ಎಂಬಂಥ ಒಂದೇ ಗ್ರೂಪ್ ಇಟ್ಟುಕೊಳ್ಳಿ, ಸದಸ್ಯರನ್ನು ಮಾತ್ರ ಬದಲಿಸಿ. ಮುಂಬೈ ರೀಜನ್ನಿಗೆಂದು (ರೀಜನ್ ಅಂದರೆ ಎಡಬ್ಲ್ಯೂಎಸ್‌ನ ಸರ್ವರ್‌ಗಳಿರುವ ಪ್ರದೇಶ) ಬೇರೆ ಗ್ರೂಪೂ ಬೇಡ, ಐಎಎಂ ಎಲ್ಲ ರೀಜನ್ನಿಗೂ ಒಂದೇ. ಗ್ರೂಪಿನೊಳಗೆ ಇನ್ನೊಂದು ಗ್ರೂಪ್ ಸೇರಿಸಲು ಬರುವುದಿಲ್ಲ, ಒಬ್ಬ ಯೂಸರ್ 10ಕ್ಕಿಂತ ಹೆಚ್ಚು ಗ್ರೂಪಿನಲ್ಲಿ ಇರಲೂ ಆಗದು. ಹಾಗಾಗಿ ವಿಷಯಕ್ಕೊಂದು ಗ್ರೂಪ್ ಮಾಡುತ್ತಾ ಹೋದರೆ ಬೇಗ ಸಿಕ್ಕಿಬೀಳುತ್ತೀರಿ.

ಹೀಗೆ ಗ್ರೂಪ್ ಉಳಿಸಿಕೊಂಡರೆ ಮೊದಲ ಪುಟದಲ್ಲೇ ನಿಲ್ಲುವ ತಪ್ಪು ಇನ್ನೂ ಅಪಾಯಕಾರಿ. ಈಗ ಎರರ್ ಆದರೂ ಬಂದು ನಿಮ್ಮನ್ನು ತಡೆದಿದೆ; ಗ್ರೂಪ್ ಅಳಿಸದಿದ್ದರೆ ಎರರೇ ಇಲ್ಲ, ಹೋದ ವರ್ಷದ 40 ಮಂದಿಯ ಅನುಮತಿ ಹಾಗೆಯೇ ಮುಂದುವರಿಯುತ್ತದೆ. ತೆಗೆದಾದ ಮೇಲೆ ಪ್ಯಾಜಿನೇಟರನ್ನು ಇನ್ನೊಮ್ಮೆ ಓಡಿಸಿ, ಬಂದ ಹೆಸರುಗಳನ್ನು ಈ ಸೆಮಿಸ್ಟರಿನ ಪಟ್ಟಿಯೊಂದಿಗೆ ಹೋಲಿಸಿ. ಬದಲಾವಣೆ ಎಲ್ಲ ಕಡೆ ತಲುಪಲು ಸ್ವಲ್ಪ ಹೊತ್ತು ಬೇಕು, ಮರುಕ್ಷಣವೇ ಪರೀಕ್ಷಿಸಿ ಗಾಬರಿಯಾಗಬೇಡಿ. ಗ್ರೂಪಿನಿಂದ ತೆಗೆದ ಮಾತ್ರಕ್ಕೆ ಆಕ್ಸೆಸ್ ಕೀ (ಸ್ಕ್ರಿಪ್ಟಿನಿಂದ ಒಳಹೋಗಲು ಬಳಸುವ ಗುಟ್ಟಿನ ಕೀಲಿ) ಸಾಯುವುದಿಲ್ಲ, ಯೂಸರಿಗೆ ನೇರವಾಗಿ ಅಂಟಿಸಿದ ಪಾಲಿಸಿಯೂ ಹೋಗುವುದಿಲ್ಲ. ಕಾಲೇಜು ಬಿಟ್ಟವರ ಕೀಗಳನ್ನು ಲಿಸ್ಟ್_ಆಕ್ಸೆಸ್_ಕೀಸ್‌ನಿಂದ ಹುಡುಕಿ, ಒಂದೊಂದಾಗಿ ಅಳಿಸಿ.