ಬೆಂಗಳೂರಿನಿಂದ ಜೋಗದ ದಾರಿಯಾಗಿ ಗೋವಾಕ್ಕೆ ನಾಲ್ವರು ಸ್ನೇಹಿತರು ಸೈಕಲ್‌ನಲ್ಲಿ ಹೊರಟಿದ್ದೇವೆ. ನಡುವೆ ಒಂದು ದಿನ ವಿಶ್ರಾಂತಿ. ಜೋಗದಲ್ಲಿ ನಿಲ್ಲುವುದು ಸರಿಯೇ? ಆ ದಿನ ಏನು ಮಾಡಬೇಕು?

ಜೋಗ ನೋಡಿಕೊಂಡು ಮುಂದೆ ಹೋಗಿ, ವಿಶ್ರಾಂತಿ ಗೋಕರ್ಣದಲ್ಲಿರಲಿ ಅನ್ನುತ್ತೇನೆ. ಜೋಗದಲ್ಲಿ ಇಡೀ ದಿನ ಬಿಡುವಿದ್ದರೆ ನಾಲ್ವರಲ್ಲಿ ಒಬ್ಬರಾದರೂ ಕೆಳಗಿಳಿದು ಬರೋಣ ಅಂತ ಹೊರಡುತ್ತಾರೆ. ಸುಮಾರು 1,400 ಮೆಟ್ಟಿಲು. ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಮೆಟ್ಟಿಲಿಳಿಯುವಾಗ ಹಿಗ್ಗುತ್ತಾ ಮೈಭಾರ ತಡೆಯಬೇಕು. ಆ ರೂಢಿ ಅದಕ್ಕಿಲ್ಲ. ಆ ನೋವು ಒಂದೆರಡು ದಿನ ಬಿಟ್ಟು ಜೋರಾಗುತ್ತದೆ, ಅಂದರೆ ಸರಿಯಾಗಿ ದಾರಿಯ ನಡುವೆ.

ಇನ್ನೊಂದು ಕಾರಣ ಬ್ರೇಕ್. ಜೋಗದಿಂದ ಗೇರುಸೊಪ್ಪೆಗೆ ಘಟ್ಟ ಇಳಿಯುವಾಗ ಸಾಮಾನು ಹೇರಿದ ಸೈಕಲ್‌ನ ಪ್ಯಾಡ್ ಚೆನ್ನಾಗಿ ಸವೆಯುತ್ತದೆ. ಇಳಿಯುವ ಮೊದಲು ಒಮ್ಮೆ ನೋಡಿಕೊಳ್ಳಿ, ಪೂರ್ತಿ ರಿಪೇರಿ ಇಳಿದ ಮೇಲೆ. ಡಿಸ್ಕ್ ಬ್ರೇಕಾದರೆ ಲೋಹದ ತಟ್ಟೆ ಬಿಟ್ಟು ಉಳಿದ ಪ್ಯಾಡ್ 1 ಮಿ.ಮೀ.ಗಿಂತ ಕಡಿಮೆಯಾದಾಗ ಬದಲಿಸಿ. ರಿಮ್ ಬ್ರೇಕಾದರೆ ರಬ್ಬರಿನ ಗೀರು ಅಳಿಸಿಹೋಗಿದ್ದರೆ ಬದಲಿಸಿ. ಅದರಲ್ಲಿ ಸಿಕ್ಕಿಕೊಂಡ ಅಲ್ಯೂಮಿನಿಯಂ ಚೂರುಗಳನ್ನು ಪಿನ್ನಿನಿಂದ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ರಿಮ್ ತಿನ್ನುತ್ತವೆ. ಗೇರ್ ಸೈಕಲ್‌ನ ಬಿಡಿಭಾಗ ಗೋಕರ್ಣದಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ. ಪ್ರತಿ ಸೈಕಲ್‌ಗೂ ಒಂದು ಜೊತೆ ಪ್ಯಾಡ್, ಎರಡು ಟ್ಯೂಬ್ ಬೆಂಗಳೂರಿನಿಂದಲೇ ಬರಲಿ.

ವಿಶ್ರಾಂತಿಯ ದಿನ ಬೆಳಿಗ್ಗೆ ಎದ್ದ ಕೂಡಲೇ ಬಟ್ಟೆ ಒಗೆಯಿರಿ, ತಿಂಡಿ ಆಮೇಲೆ. ಕರಾವಳಿಯ ಸೆಖೆಗಾಳಿಯಲ್ಲಿ ಕೂರುವ ಕಡೆ ಮೆತ್ತನೆಯ ಪ್ಯಾಡ್ ಇರುವ ಸೈಕಲ್ ಚಡ್ಡಿ ಒಣಗಲು ಇಡೀ ಹಗಲು ಬೇಕು. ಒಗೆದು ಒಣ ಟವೆಲಿನಲ್ಲಿ ಸುತ್ತಿ ಹಿಂಡಿ, ಪ್ಯಾಡ್ ಹೊರಗೆ ಕಾಣುವಂತೆ ಮಗುಚಿ ನೇತುಹಾಕಿ. ಒದ್ದೆ ಚಡ್ಡಿ ಹಾಕಿ ಹೊರಟರೆ ಕೂರುವ ಜಾಗ ಉಜ್ಜಿ ಹುಣ್ಣಾಗುತ್ತದೆ, ಅಲ್ಲಿಗೆ ಪ್ರವಾಸ ಮುಗಿದಂತೆಯೇ. ಆ ದಿನವೆಲ್ಲ ಲುಂಗಿಯಲ್ಲೇ ಇರಿ, ಗಾಳಿಯಾಡಲಿ.

7ರಿಂದ 10ರವರೆಗೆ ನಾಲ್ವರೂ ಕೂತು ಸೈಕಲ್ ಕೆಲಸ ಮುಗಿಸಿ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬಟ್ಟೆಯಲ್ಲಿ ಚೈನ್ ಒರೆಸಿ, ಒಣಗಿದ ಮೇಲೆ ಒಳಬದಿಯಿಂದ ರೋಲರಿಗೆ ಒಂದೊಂದೇ ಹನಿ ಎಣ್ಣೆ. ಪೆಡಲನ್ನು ಹಿಂದಕ್ಕೆ 15 ಸುತ್ತು ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ಉಳಿದರೆ ಮರಳು ಅಂಟುತ್ತದೆ. ಎಣ್ಣೆ ಕೈಯಲ್ಲಿ ಡಿಸ್ಕ್ ಮುಟ್ಟಬೇಡಿ. ಚೈನ್ ಸವೆದಿದೆಯೇ ತಿಳಿಯಲು ಸ್ಕೇಲ್ ಸಾಕು: ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿದ 24ನೇ ಪಿನ್ನಿನ ನಡುವಿಗೆ ಹೊಸತರಲ್ಲಿ ಸರಿಯಾಗಿ 12 ಇಂಚು. 1/16 ಇಂಚು ಹೆಚ್ಚಿದ್ದರೆ ಚೈನ್ ಬದಲಿಸುವ ಹೊತ್ತು. 1/8 ಹೆಚ್ಚಿದ್ದರೆ ಸುಮ್ಮನೆ ಗೋವಾ ಮುಟ್ಟಿ! ಆಗ ಹಿಂದಿನ ಗೇರ್ ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನ್ ಒಂದನ್ನೇ ಹಾಕಿದರೆ ಹಲ್ಲು ಜಿಗಿಯುತ್ತದೆ.

ಟೈರಿನ ಗಾಳಿ ಅರ್ಧ ಬಿಟ್ಟು ಒತ್ತಿ ಬಾಗಿಸಿ ನೋಡಿ. ಲಾರಿ ಟೈರು ಸಿಡಿದಾಗ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿ ಹೆದ್ದಾರಿಯ ಅಂಚಿನಲ್ಲಿ ಬಿದ್ದಿರುತ್ತದೆ, ಒಳಗೆ ಹೋಗಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಪಂಕ್ಚರ್ ಆದ ಟ್ಯೂಬುಗಳಿಗೆಲ್ಲ ಇವತ್ತೇ ಪ್ಯಾಚ್ ಹಾಕಿ: ಉಜ್ಜಿ, ಸಲ್ಯೂಷನ್ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ಒತ್ತಬೇಕು. ಅವಸರ ಮಾಡಿದ ಪ್ಯಾಚ್ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಕ್ಯಾರಿಯರಿನ ಬೋಲ್ಟುಗಳನ್ನು 4 ಮಿ.ಮೀ. ಅಲೆನ್ ಕೀಯಲ್ಲಿ ಬಿಗಿ ನೋಡಿ. ಸಡಿಲವಾದ ಬೋಲ್ಟ್ ಅಲುಗಾಡಿ ಅಲುಗಾಡಿ ಫ್ರೇಮಿನೊಳಗೇ ತುಂಡಾದರೆ ರಸ್ತೆ ಬದಿಯಲ್ಲಿ ಅದನ್ನು ತೆಗೆಯಲಾಗದು.

ಹತ್ತರ ಮೇಲೆ ಯಾರು ಎಲ್ಲಿಗೆ ಬೇಕಾದರೂ ಹೋಗಲಿ. ಎಲ್ಲರೂ ಒಟ್ಟಿಗೇ ಇರಬೇಕೆಂಬ ಹಟದಿಂದಲೇ ಇಂಥ ದಿನಗಳಲ್ಲಿ ಜಗಳ ಹುಟ್ಟುವುದು. ದಿನಗಟ್ಟಲೆ ಒಬ್ಬರ ಹಿಂದೊಬ್ಬರು ತುಳಿದವರಿಗೆ ಸ್ವಲ್ಪ ಒಂಟಿತನವೂ ಬೇಕು. ಸಮುದ್ರಕ್ಕೆ ಸೈಕಲ್ ಒಯ್ಯಬೇಡಿ, ಮರಳು ಮತ್ತು ಉಪ್ಪು ಬೆಳಗಿನ ಕೆಲಸ ಹಾಳು ಮಾಡುತ್ತವೆ. ಓಂ ಬೀಚಿನಿಂದ ಪ್ಯಾರಡೈಸ್ ಬೀಚಿನವರೆಗಿನ ಬಂಡೆಗಲ್ಲಿನ ಚಾರಣ ಇನ್ನೊಂದು ಸಲಕ್ಕಿರಲಿ. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ, ಎಳನೀರು, ಒಂದು ಗಂಟೆ ನಿದ್ದೆ. ಹೊಸ ರುಚಿಯ ಏಡಿ, ಸಿಗಡಿ ತಿನ್ನುವ ಆಸೆಯಿದ್ದರೆ ಮಧ್ಯಾಹ್ನವೇ ತಿನ್ನಿ. ಹೊಟ್ಟೆ ಕೆಟ್ಟರೆ ಕೆಲವೊಮ್ಮೆ ಸಂಜೆಯೊಳಗೇ ಗೊತ್ತಾಗುತ್ತದೆ. ಸಂಜೆ ಅರ್ಧ ಗಂಟೆ ನಿಧಾನ ನಡೆದಾಡಿ, ಇಡೀ ದಿನ ಮಲಗಿದರೆ ಕಾಲು ಮರಗಟ್ಟುತ್ತದೆ.

6 ಗಂಟೆಗೆ ಹದಿನೈದು ನಿಮಿಷ ಮಾತ್ರ ಕೂಡಿ ಕೂತು ಖರ್ಚಿನ ಲೆಕ್ಕ, ನಾಳೆ ಹೊರಡುವ ಹೊತ್ತು ತೀರ್ಮಾನಿಸಿ. ಯಾರಿಗಾದರೂ ಮಂಡಿ ನೋವಿದ್ದರೆ ಬಾಯಿ ಬಿಡಬೇಕಾದ್ದು ಆಗಲೇ, ಏಕೆಂದರೆ ಗೋಕರ್ಣ ರೋಡ್, ಅಂಕೋಲಾ, ಕಾರವಾರ ಮೂರರಲ್ಲೂ ಕೊಂಕಣ ರೈಲಿನ ನಿಲ್ದಾಣವಿದೆ. ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಬೇಕು. ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ, ಹಾಗಾಗಿ ಹಿಂದಿನ ದಿನವೇ ವಿಚಾರಿಸಿ. ಉಳಿದವರಿಗೆ ಮರುದಿನ ಕಾರವಾರದವರೆಗೆ ಸುಮಾರು 60 ಕಿ.ಮೀ. ಸಾಕು. ಮೊದಲ ಗಂಟೆ ಕಾಲು ಭಾರವೆನಿಸುತ್ತದೆ. ಮಾದನಗೇರಿಯಲ್ಲಿ ಹೆದ್ದಾರಿ 66 ಸೇರುವವರೆಗೆ ಹಗುರ ಗೇರಿನಲ್ಲೇ ತುಳಿಯಿರಿ.